ಅಂಗೈಯ ನಡುವೆ

ಅನಗವಾಡಿ
೯ ಜುಲೈ ೨೦೨೪

ಅತ್ತೆ,

ಶರಣು.

ಯುಗಾದಿಯ ದಿನ ನಿನ್ನ ಮನೆಯಿಂದ ಎದ್ದು ಬಂದವನು ಇವತ್ತಿನವರೆಗೆ ಒಂದು ಸಾಲೂ ಬರೆದಿಲ್ಲ. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿದಿಲ್ಲ, ದಣಿದಿದೆ ಅಷ್ಟೆ.

ಕೊರಳಿನ ಲಿಂಗ ತೆಗೆದದ್ದು ನಿನ್ನನ್ನು ನೋಯಿಸುವುದಕ್ಕಲ್ಲ ಎಂದು ಅವತ್ತೇ ಹೇಳಿದ್ದೆ. ಲಿಂಗ ಕಟ್ಟಿದವರೆಲ್ಲ ಒಂದೇ ಎಂದು ಭಾಷಣ ಮಾಡುವವರು ತಮ್ಮೊಳಗೇ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಕುಡಿಯದ್ದನ್ನು ನೋಡಿ ನೋಡಿ ತೆಗೆದೆ. ನೀನು ನಡುಮನೆಯಲ್ಲಿ ನಿಂತು, ನಾಲ್ಕು ಜನರ ಎದುರಿಗೆ, "ಕೊರಳಾಗ ಲಿಂಗ ಇಟಗೊಂಡು ಬರೂದಿದ್ರ ಬಾ. ಇಲ್ಲಂದ್ರ ನನ್ನ ಹೊಸ್ತಲಾ ತುಳೀಬ್ಯಾಡ" ಎಂದೆ. ಅವ್ವ ಸತ್ತ ವರ್ಷ ನನ್ನ ಕೈಹಿಡಿದು ಶಾಲೆಗೆ ಸೇರಿಸಿದವಳು ನೀನು. ಹೊಸ್ತಿಲನ್ನು ತುಳಿಯುವುದಿಲ್ಲ. ಪತ್ರ ಬರೆಯಬೇಡ ಎಂದು ಮಾತ್ರ ನೀನು ಹೇಳಿರಲಿಲ್ಲ.

ಫೋನು ಬಿಟ್ಟಿದ್ದೇನೆ. ನಾವು ಏನು ನೋಡುತ್ತೇವೆ, ಯಾರೊಡನೆ ಮಾತಾಡುತ್ತೇವೆ ಎಂಬುದನ್ನೆಲ್ಲ ಕಂಪನಿಗಳು ಹೇಗೆ ಕದ್ದು ಮಾರುತ್ತವೆ ಎಂಬ ಕಿರುಹೊತ್ತಗೆಯನ್ನು ಓದಿದ ಮೇಲೆ ಅದನ್ನು ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ. ಹಾಗಾಗಿ ಏನಿದ್ದರೂ ಅಂಚೆಗೆ ಹಾಕು.

ಇಲ್ಲಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಬಂದವರ ಕೇರಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಸಂಜೆ ಮಕ್ಕಳಿಗೆ ಪಾಠ, ಹಗಲು ಊರೂರು ತಿರುಗಿ ಕರಪತ್ರ ಹಂಚುವುದು. ಹೊಸದೊಂದನ್ನು ಇದರೊಂದಿಗೆ ಇಟ್ಟಿದ್ದೇನೆ: 'ತಲೆ ಎತ್ತಿರಿ'. ರಾಚಪ್ಪನ ಖಾನಾವಳಿಯ ಹಂಚಿನ ಮುಂದೆ ಇಷ್ಟು ವರ್ಷ ತಲೆ ಬಗ್ಗಿಸಿ ರೊಟ್ಟಿ ಬಡಿದ ನಿನ್ನನ್ನು ನೆನೆಸಿಕೊಂಡೇ ಅದನ್ನು ಬರೆದದ್ದು.

ಕಲ್ಮೇಶ


ಜಮಖಂಡಿ
೬ ಆಗಸ್ಟ್ ೨೦೨೪

ಕಲ್ಮೇಶಗ ಅತ್ತಿ ಮಾದೇವಿ ಹೇಳಿ ಬರೆಸೂದು. ಬರಿಯಾಕಿ ಬಾಜೂ ಮನಿ ಶೇವಂತಿ. ಮಷೀನ್ ಮ್ಯಾಲೆ ಮಂದಿ ಜಂಪರ್ ಬಿಟ್ಟು ಬಂದು ಕುಂತಾಳ, ಅದಕ್ಕ ಲಗೂ ಲಗೂ ಹೇಳತೀನಿ.

ಮೊದಲ ನಾನಾ ಬರೀತಿದ್ದೆ. ಈಗ ಸಾಲಿನ ಮ್ಯಾಲೆ ಸಾಲು ಏರತಾವ. ವಯಸ್ಸಾತು.

ನಿನ್ನ ಕಾಗದಾ ಬಂತು. ಸಿಟ್ಟಿನ ಸುದ್ದಿ ಬಿಡು. ನಿನಗ ಒಂದು ಕೇಳಬೇಕಾಗೇತಿ. ಮಠದ ಅಜ್ಜಾರನ್ನ ಕೇಳಾಕ ನಾಚಿಕಿ, ಓದಿದಾಂವ ಅಂತ ನಿನ್ನ ಕೇಳಾಕತ್ತೇನಿ.

ನಿನ್ನೆ ಶ್ರಾವಣದ ಮೊದಲನೇ ಸೋಮವಾರ. ಜಳಕಾ ಮಾಡಿ ಪೂಜಿಗೆ ಕುಂತೆ. ಅಂಗೈಯಾಗ ಲಿಂಗ ಇಟಗೊಂಡು ದಿಟ್ಟಿಸಿ ನೋಡತೀನಿ, ಲಿಂಗ ಇಲ್ಲ. ಬೆರಳು ಅದಾವ. ಅಂಗೈ ಸುತ್ತಲಿನ ಗೆರಿ ಅದಾವ. ಇಟ್ಟ ಪತ್ರಿಯ ತುದಿ ಕಾಣತೈತಿ. ನಟ್ಟ ನಡುವ ಏನೂ ಇಲ್ಲ, ಬೂದಿ ಬಣ್ಣದ ಬಯಲು. ಬೆರಳಲೆ ಮುಟ್ಟಿದ್ರ ಐತಿ, ಕಣ್ಣಿಗೆ ಇಲ್ಲ. ಇದು ನಿನ್ನೆ ಒಂದ ದಿನದ್ದಲ್ಲ. ಕಾರಹುಣ್ಣಿವಿಯಿಂದ ಹಿಂಗಾ ನಡದೈತಿ.

ಹೊಸ್ತಲಾ ತುಳೀಬ್ಯಾಡ ಅಂತ ನಿನಗ ಅಂದೆನಲ್ಲ, ಅದಕ್ಕ ಆ ಶಿವ ನನಗ ಮಾರಿ ತಪ್ಪಸಾಕತ್ತಾನೇನು? ಖರೆ ಏನೈತಿ ಹೇಳು. ನನಗ ಸಮಾಧಾನ ಇಲ್ಲ.

ರಾಚಪ್ಪ ಬ್ಯಾರೆ ಅಂತಾನ, "ಮಾದೇವಕ್ಕ, ರೊಟ್ಟಿ ನಡುವ ಹೊತ್ತಾಕತ್ತಾವ, ಲಕ್ಷ್ಯ ಎಲ್ಲೈತಿ?" ಲಕ್ಷ್ಯ ರೊಟ್ಟಿ ಮ್ಯಾಲೇ ಐತಿ.

ಹೊತ್ತಿಗೆ ಸರಿಯಾಗಿ ಉಣ್ಣು.

ಮಾದೇವಿ

(ಕಲ್ಮೇಶ, ಇದು ಶೇವಂತಕ್ಕನ ಮಾತು. ನಿಮ್ಮತ್ತಿ ನನ್ನ ಕೂಡ ಮಾತಾಡುವಾಗ ನನ್ನ ಕಿವಿ ನೋಡಿಕೋತ ಮಾತಾಡತಾಳ. "ಏನ ಬೇ, ಹೊಸಾ ಬೆಂಡವಾಲಿ ಮಾಡಿಸೀನೇನು?" ಅಂದೆ. ನಕ್ಕಳು.)


ಅನಗವಾಡಿ
೧೪ ಆಗಸ್ಟ್ ೨೦೨೪

ಅತ್ತೆ,

ನಿನ್ನ ಪತ್ರವನ್ನು ಹೊಳೆಯ ದಂಡೆಯಲ್ಲಿ ನಿಂತು ಓದಿದೆ. ಮತ್ತೆ ಕೋಣೆಗೆ ಬಂದು ಓದಿದೆ. ಎಷ್ಟೋ ದಿನದ ಮೇಲೆ ನನಗೆ ಖುಷಿಯಾಗಿದೆ.

ಅವನು ಮುಖ ತಪ್ಪಿಸಿಲ್ಲ. ಹೆದರಬೇಡ. ನೀನು ಪ್ರಶ್ನೆ ಕೇಳಲು ಶುರು ಮಾಡಿದ್ದೀಯೆ, ಆದದ್ದು ಇಷ್ಟೇ. ಇಷ್ಟು ವರ್ಷ ಬರೀ ರೂಢಿಯಿಂದ ನೋಡುತ್ತಿದ್ದ ಕಣ್ಣು ಈಗ ನಿಜವಾಗಿ ನೋಡುತ್ತಿದೆ. ಕುರುಹನ್ನು ಹಿಡಿದವರಿಗೆ ಕುರುಹು ಮರೆಯಾಗಿ ಬಯಲೊಂದೇ ಉಳಿಯುವ ಗಳಿಗೆ ಬರುತ್ತದೆ ಎಂದು ನಾನು ಓದಿದ್ದೇನೆ. ಆ ಗಳಿಗೆ ಓದಿದ ನನಗೆ ಬರಲಿಲ್ಲ, ರೊಟ್ಟಿ ಬಡಿಯುವ ನಿನಗೆ ಬಂತು. ಯುಗಾದಿಯ ದಿನ ನಾನು ನಿನಗೆ ಹೇಳಲು ಒದ್ದಾಡಿದ್ದು ಇದನ್ನೇ. ನೀನು ನಿನ್ನ ದಾರಿಯಲ್ಲಿ ಅಲ್ಲಿಗೇ ಬಂದೆ. ಇನ್ನು ಆ ಬಯಲನ್ನೇ ನೋಡು. ಲಿಂಗವನ್ನು ಹುಡುಕಬೇಡ.

ನಿನ್ನ ಹೆಸರು ಹಾಕದೆ ಇದನ್ನೊಂದು ಕರಪತ್ರ ಮಾಡುತ್ತಿದ್ದೇನೆ. ಮುಧೋಳದಲ್ಲಿ ಅಚ್ಚಿಗೆ ಕೊಟ್ಟಾಗಿದೆ. ಬಂದ ಮೇಲೆ ಮೊದಲ ಪ್ರತಿ ನಿನಗೆ.

ರಾಚಪ್ಪನಿಗೆ ಹೇಳು, ಒಬ್ಬಳೇ ಊರಿಗೆಲ್ಲ ರೊಟ್ಟಿ ಬಡಿದರೆ ಒಂದೆರಡು ಹೊತ್ತಿಯೇ ಹೊತ್ತುತ್ತವೆ. ಇನ್ನೊಬ್ಬಳನ್ನು ಕೆಲಸಕ್ಕೆ ಇಟ್ಟುಕೊಳ್ಳಲಿ. ಇದನ್ನು ಅವನ ಎದುರಿಗೆ, ತಲೆ ಎತ್ತಿ ಹೇಳು.

ಕಲ್ಮೇಶ


ಜಮಖಂಡಿ
೧೫ ಅಕ್ಟೋಬರ್ ೨೦೨೪

ಕಲ್ಮೇಶಗ ಮಾದೇವಿ ಹೇಳಿ ಬರೆಸೂದು.

ನಿನ್ನ ಕಾಗದಾನೂ ಬಂತು, ಅಚ್ಚಾದ ಚೀಟಿನೂ ಬಂತು. ಎರಡೂ ಶೇವಂತಿ ಓದಿದಳು. ಭಾಳ ಛಲೋ ಬರದೀ ಅಂದಳು. ನನಗ ಅಷ್ಟು ತಿಳೀಲಿಲ್ಲ. ನೀ ಅಂದಂಗ ಆ ಬಯಲು ನೋಡಿಕೋತ ಇಷ್ಟು ದಿನಾ ಕುಂತೆ. ಏನೂ ಆಗಲಿಲ್ಲ. ಬಯಲು ದೊಡ್ಡದಾತು.

ಮೊದಲ ಅಂಗೈಯಾಗಿತ್ತು. ಈಗ ಎಲ್ಲಿ ನೋಡಿದ್ರಲ್ಲಿ ಐತಿ. ರೊಟ್ಟಿ ಬಡಿಯಾಕ ಕುಂತ್ರ ಸುತ್ತಲಿನ ಅಂಚು ಕಾಣತೈತಿ, ನಡು ಇಲ್ಲ. ಗಡಿಯಾರ ನೋಡಿದ್ರ ಅಂಚಿನ ಅಂಕಿ ಅದಾವ, ಮುಳ್ಳಿಲ್ಲ. ಮಂದಿಗೆ ಹೆಗಲು ಅದಾವ, ಕಿವಿ ಅದಾವ, ಮಾರಿ ಇಲ್ಲ. ಮಾರಿ ನೋಡಬೇಕಂದ್ರ ಆ ಮನಿಷ್ಯಾನ್ನ ಬಿಟ್ಟು ಬಾಜೂಕ ನೋಡಬೇಕು. ಆವಾಗ ಒಂದೀಟು ಮಬ್ಬಮಬ್ಬ ಕಾಣತೈತಿ. ಎಡಗಣ್ಣು ಸಣ್ಣಾಕಿದ್ದಾಗಾ ಜೋಳದ ದಂಟು ಚುಚ್ಚಿ ಹೋಗೇತಿ, ನಿನಗ ಗೊತ್ತೈತಿ. ಇದ್ದದ್ದಾ ಇದೊಂದು ಕಣ್ಣು.

ದಸರಾ ದಿನಾ ಬನ್ನಿ ಕೊಡಾಕ ಮಂದಿ ಬಂದಿತ್ತು. ಕಟ್ಟಿ ಮ್ಯಾಲೆ ಕುಂತಿದ್ದೆ. ಒಬ್ಬಾಂವ ಬಂದು ಎದುರಿಗೆ ನಿಂತ. ಎತ್ತರಾ ಅದಾನ, ಹೆಗಲಿಗೆ ಚೀಲ ಐತಿ, ನಿನ್ನಂಗ ಮುಂಗೈ ಮ್ಯಾಲೆ ಅಂಗಿ ತೋಳು ಮಡಚ್ಯಾನ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಅಂತ ಕಾಲಿಗೆ ಬಿದ್ದ. ದನಿ ಕಡೆ ಲಕ್ಷ್ಯ ಹೋಗಲಿಲ್ಲ. ನಾ ಅವನ ತಲಿ ಹಿಡದು, "ಬಂದ್ಯಾ ಕಲ್ಮೇಶಾ, ಹೊಸ್ತಲಾ ತುಳದರ ಏನಾತಪ್ಪ, ಒಳಗ ಬಾ" ಅಂದೆ. ಅಳು ಬಂತು. ಆಮ್ಯಾಲೆ ಶೇವಂತಿ ಹೇಳಿದಳು, ಅಂವ ರಾಚಪ್ಪನ ಹಂತ್ಯಾಕ ಹೊಸದಾಗಿ ಬಂದ ಕೆಲಸದಾಂವ, ಬೀಳಗಿ ಕಡ್ಯಾಂವ ಅಂತ.

ರಾಚಪ್ಪ ಅವತ್ತಿಂದ ಹಂಚಿನ ಮುಂದ ಕುಂದ್ರಾಕ ಬಿಟ್ಟಿಲ್ಲ. "ಬೆಳಗಾವಿಯಾಗ ಕಣ್ಣಿನ ದೊಡ್ಡ ದವಾಖಾನಿ ಐತಿ, ನಾಳೇ ಗಾಡಿ ಮಾಡತೀನಿ ನಡಿ" ಅಂತಾನ. ನೀ ಏನಂತಿ?

ಮಾದೇವಿ

(ಅತ್ತಿ ಹೇಳಿದ್ದು ಹೇಳಿದಂಗ ಬರದೀನಿ. ಬರೀಬ್ಯಾಡ ಅಂದದ್ದೊಂದು ಐತಿ, ಅದನ್ನೂ ಬರೀತೀನಿ. ಆ ಹುಡುಗಗ ಕೊಟ್ಟ ಬನ್ನಿ ಹೊಳ್ಳಿ ಇಸಗೊಂಡು ಜಗಲಿ ಮ್ಯಾಲೆ ಇಟ್ಟಾಳ. ನಿನಗಂತ. ಶೇವಂತಿ)


ಅನಗವಾಡಿ
೨೧ ಅಕ್ಟೋಬರ್ ೨೦೨೪

ಅತ್ತೆ,

ಹೆದರಬೇಡ. ಇದು ಕಣ್ಣಿನ ಪೊರೆ. ಅರವತ್ತು ದಾಟಿದವರಲ್ಲಿ ಸಾಮಾನ್ಯ. ನನ್ನ ಬಳಿ ಆರೋಗ್ಯದ ಕಿರುಹೊತ್ತಗೆ ಇದೆ, ಪೂರ್ತಿ ಓದಿ ನೋಡಿದೆ. ಪೊರೆಗೆ ಅವಸರವಿಲ್ಲ, ಕೆಲವು ತಿಂಗಳು ಕಾದರೂ ನಷ್ಟವಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ನಮ್ಮ ಹಿರಿಯರೂ ಹಣ್ಣಾಗಲಿ ಎಂದು ಕಾಯುತ್ತಿರಲಿಲ್ಲವೆ?

ರಾಚಪ್ಪ ಹೇಳುವ ಖಾಸಗಿ ಆಸ್ಪತ್ರೆಗೆ ಹೋಗಬೇಡ. ಬಡವರನ್ನು ಹೆದರಿಸುವುದೇ ಇಂಥವರ ವ್ಯಾಪಾರ. ನವೆಂಬರ್ ೨೪ರಂದು ಮುಧೋಳದಲ್ಲಿ ಉಚಿತ ಶಿಬಿರವಿದೆ. ನಾವೇ ಹುಡುಗರು ಸೇರಿ ನಡೆಸುತ್ತಿದ್ದೇವೆ. ಒಳ್ಳೆಯ ವೈದ್ಯರು ಬರುತ್ತಾರೆ. ಅಲ್ಲಿ ನೀನು ಯಾರ ಋಣದಲ್ಲೂ ಇರಬೇಕಿಲ್ಲ. ನಿನ್ನ ಹೆಸರನ್ನು ನಾನೇ ಬರೆಸಿದ್ದೇನೆ. ಅಲ್ಲಿಯವರೆಗೆ ಹಂಚಿನ ಹತ್ತಿರ ಹೋಗಬೇಡ.

ಬನ್ನಿಯ ವಿಷಯ ಓದಿದೆ.

ಕಲ್ಮೇಶ


ಜಮಖಂಡಿ
೨೬ ನವೆಂಬರ್ ೨೦೨೪

ಕಲ್ಮೇಶ,

ಈ ಸಲ ನಿಮ್ಮತ್ತಿ ಹೇಳಿ ಬರೆಸಿದ್ದಲ್ಲ. ನಾನಾ ಬರಿಯಾಕತ್ತೇನಿ. ಶಿಬಿರಕ್ಕ ನಾ ಕರಕೊಂಡು ಹೋಗಿದ್ದೆ. ನೀ ಅಲ್ಲಿ ಇರತೀ ಅಂತ ಆಕಿ ಹೊಸಾ ಸೀರಿ ಉಟ್ಟಿದ್ದಳು. ಹುಡುಗೂರನ್ನ ಕೇಳಿದ್ರ, ಕಲ್ಮೇಶಣ್ಣ ಪಾದಯಾತ್ರಾಕ ಹೋಗ್ಯಾನ ಅಂದರು. ಫೋನ್ ಇದ್ದಿದ್ರ ಅಲ್ಲೇ ನಿಂತು ಬೈತಿದ್ದೆ. ಈಗ ಎರಡು ರೂಪಾಯಿ ಪೆನ್ನಲೆ ಬೈಬೇಕಾಗೇತಿ.

ಅದು ಪೊರೆ ಅಲ್ಲ.

ಡಾಕ್ಟರಮ್ಮ ಕಣ್ಣಾಗ ಎಣ್ಣಿಯಂಥಾ ಔಷಧ ಹಾಕಿ, ಒಂದು ತಾಸು ಕುಂದ್ರಿಸಿ, ಬೆಳಕು ಬಿಟ್ಟು ನೋಡಿದರು. ಭಾಳ ಹೊತ್ತು ನೋಡಿದರು. ಆಮ್ಯಾಲೆ ನಮ್ಮಿಬ್ಬರಿಗೂ ತಿಳಿಯೂವಂಗ ಹೇಳಿದರು. ಕಣ್ಣಿನ ಹಿಂದ ಒಂದು ಪರದೆ ಇರತೈತಂತ. ನಾವು ನೆಟ್ಟಗ ನೋಡೂದೆಲ್ಲಾ, ಅಕ್ಷರ, ಮಾರಿ, ಸೂಜಿ ಕಣ್ಣು, ಆ ಪರದೆಯ ನಟ್ಟ ನಡುವಿನ ಒಂದು ಚುಕ್ಕಿಯಿಂದ. ಅಲ್ಲೇ ತೂತು ಬಿದ್ದೈತಿ. ಸುತ್ತಲಿನ ಪರದೆ ಗಟ್ಟಿ ಐತಿ, ಅದಕ್ಕ ಅಂಚು ಕಾಣತೈತಿ.

ಇದಕ್ಕ ಗುಳಗಿ ಇಲ್ಲ, ಚಸ್ಮಾ ಇಲ್ಲ, ಆಪರೇಷನ್ ಒಂದಾ. ಕಣ್ಣೊಳಗಿನ ಲೋಳಿ ತಗದು, ಪರದೆ ಮ್ಯಾಲಿನ ಒಂದು ಪದರ ಸುಲೀತಾರಂತ, ಉಳ್ಳಾಗಡ್ಡಿ ಸಿಪ್ಪಿಗಿಂತಾ ತೆಳು ಇರತೈತಂತ. ಆಮ್ಯಾಲೆ ಕಣ್ಣು ತುಂಬ ಗ್ಯಾಸ್ ಬಿಡತಾರ. ಆ ಗುಳ್ಳಿ ಮ್ಯಾಲೆ ಮ್ಯಾಲೆ ಏರತೈತಿ. ಮಾರಿ ಕೆಳಗ ಮಾಡಿದ್ರ ಹಿಂದಿನ ಪರದೆ ಮ್ಯಾಲಾಗತೈತಿ, ಗುಳ್ಳಿ ಹೋಗಿ ತೂತಿಗೆ ಒತ್ತಿ ನಿಂದ್ರತೈತಿ, ತೂತು ಕೂಡತೈತಿ. ಅದಕ್ಕ ಒಂದು ವಾರ ಕುಂತ್ರೂ ಮಲಗಿದ್ರೂ ಮಾರಿ ನೆಲಕ್ಕ. ಗ್ಯಾಸ್ ಇರೂತನಾ ಕಣ್ಣು ಕಾಣೂದಿಲ್ಲ. ಅಂದ್ರ ನಿಮ್ಮತ್ತಿಗೆ ಏನೂ ಕಾಣೂದಿಲ್ಲ.

ನಿಮ್ಮತ್ತಿ ಕೇಳಿದಳು, "ಮಾಡಿಸಲಿಲ್ಲಂದ್ರ?"

"ಅಂಚು ಉಳೀತೈತಿ ಅಮ್ಮಾ. ಗೋಡಿ ಹಿಡದು ಮನಿಯಾಗ ತಿರಗಾಡಬಹುದು. ನಡು ಬರೂದಿಲ್ಲ."

"ಮಾಡಿಸಿದ್ರ?"

"ನಡು ಬರಬಹುದು. ಸುಳ್ಳು ಹೇಳೂದಿಲ್ಲ, ಅಪರೂಪಕ್ಕ ಒಬ್ಬರಿಗೆ ಇದ್ದದ್ದೂ ಹೋಗಬಹುದು. ನಿಮಗ ಇರೂದು ಒಂದಾ ಕಣ್ಣು, ವಿಚಾರ ಮಾಡಿ ಹೇಳ್ರಿ. ಹೊಸಾ ತೂತು ಇದ್ರ ಛಲೋ ಕೂಡತೈತಿ, ಹಳೇದಾದಷ್ಟೂ ಕಷ್ಟ. ಇದು ಯಾವಾಗಿಂದ?"

ನಿಮ್ಮತ್ತಿ ತಡಾ ಮಾಡಲಿಲ್ಲ. "ದಸರಾದಿಂದ ರೀ" ಅಂದಳು.

ನಾ ಬಾಯಿ ತಗದೆ. ಆಕಿ ಕೆಳಗ ನನ್ನ ಕೈ ಚಿವುಟಿದಳು. ಇನ್ನೂ ಕಪ್ಪಾಗೇತಿ. ಹೊರಗ ಬಂದ ಮ್ಯಾಲೆ, "ಯಾಕ ಬೇ ಸುಳ್ಳ ಹೇಳಿದಿ?" ಅಂದೆ. "ಇದು ಆ ಹುಡುಗನ ಶಿಬಿರ. ಕಾರಹುಣ್ಣಿವಿ ಅಂದ್ರ, ಇಷ್ಟು ದಿನಾ ಯಾಕ ಬಿಟ್ಟಿ, ಯಾರನ್ನ ಕೇಳಿದಿ ಅಂತಾರ" ಅಂದಳು.

ಆಪರೇಷನ್ ಡಿಸೆಂಬರ್ ೧೧ಕ್ಕ, ಬೆಳಗಾವಿಯಾಗ. ಹೌದು, ರಾಚಪ್ಪ ಹೇಳಿದ ದವಾಖಾನಿಗೇ. ಡಾಕ್ಟರಮ್ಮ ಅಲ್ಲಿಯವರಾ. ನೀ ಹೇಳೂತನಾ ಕಾಯೂದು ಬ್ಯಾಡ ಅಂತ ಆಕೀನ ಹೂಂ ಅಂದಾಳ. "ಅಂಚು ಹಿಡಕೊಂಡು ಕುಂತು ಏನ ಮಾಡಲಿ" ಅಂದಳು.

ಇನ್ನೊಂದು. ಹೊಳ್ಳಿ ಬರೂವಾಗ ಬಸ್ಸಿನಾಗ ನಕ್ಕೋತ ಅಂದಳು, "ನಮ್ಮ ಹುಡುಗ ತಲಿ ಎತ್ತು ಅಂತ ಅಚ್ಚ ಹಾಕಸ್ಯಾನ. ಈ ಡಾಕ್ಟರ್ ಬಾಯಿ ಎತ್ತಬ್ಯಾಡ ಅಂತಾಳ. ಯಾರ ಮಾತು ಕೇಳೂನು ಶೇವಂತಿ?"

ಶೇವಂತಿ


ಅನಗವಾಡಿ
೬ ಡಿಸೆಂಬರ್ ೨೦೨೪

ಶೇವಂತಕ್ಕ,

ನಿನ್ನ ಪತ್ರ ನಿನ್ನೆ ಕೈಗೆ ಬಂತು. ಬಾಗಿಲ ಸಂದಿಯಲ್ಲಿ ಒಂದು ವಾರದಿಂದ ಬಿದ್ದಿತ್ತು. ನಾನು ನೀರಿನ ಪಾದಯಾತ್ರೆಯಲ್ಲಿ ಚಿಕ್ಕಪಡಸಲಗಿಯವರೆಗೆ ಬಂದಿದ್ದೆ. ರೈತರೇ ಕಲ್ಲುಮಣ್ಣು ಹೊತ್ತು ಕಟ್ಟಿಕೊಂಡ ಆ ಬ್ಯಾರೇಜಿನ ಮೇಲೆ ನಿಂತು ಭಾಷಣ ಮಾಡಿದೆ. ಜಮಖಂಡಿ ಅಲ್ಲಿಂದ ಎಷ್ಟು ದೂರ? ಬಸ್ಸು ಎದುರಿಗೇ ಹೋಯಿತು. ಹತ್ತಲಿಲ್ಲ.

ಅತ್ತೆಯ ಆಗಸ್ಟಿನ ಪತ್ರವನ್ನು ಮತ್ತೆ ತೆಗೆದು ಓದಿದೆ. ಡಾಕ್ಟರಮ್ಮ ಮುಧೋಳದಲ್ಲಿ ಹೇಳಿದ್ದನ್ನೆಲ್ಲ ಅತ್ತೆ ಆ ಪತ್ರದಲ್ಲೇ ಹೇಳಿದ್ದಾಳೆ. ಅಂಗೈ, ಬೆರಳು, ಅಂಚು, ನಡುವಿನ ಬಯಲು. ಕಣ್ಣಿನ ವೈದ್ಯರಿಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಅವಳು ಅದನ್ನು ಹೇಳಿದ್ದು ನನಗೆ. ನನ್ನ ಉತ್ತರ ಐನೂರು ಪ್ರತಿ ಅಚ್ಚಾಗಿ ಊರೂರು ತಿರುಗುತ್ತಿದೆ. ಕೈಯಲ್ಲಿ ಉಳಿದ ಪ್ರತಿಗಳನ್ನು ಇವತ್ತು ಪಾಠಕ್ಕೆ ಬರುವ ಮಕ್ಕಳ ಮನೆಯ ಒಲೆಗೆ ಕೊಟ್ಟೆ.

ದಯವಿಟ್ಟು ಒಂದು ಮಾಡು. ಆಪರೇಷನ್ನಿಗೆ ಮೊದಲು ಡಾಕ್ಟರಮ್ಮನಿಗೆ ಖರೆ ತಿಂಗಳನ್ನು ಹೇಳು. ಕಾರಹುಣ್ಣಿಮೆಯಿಂದ ಎಂದು ಹೇಳು. ಯಾರನ್ನು ಕೇಳಿದಿರಿ ಎಂದರೆ ನನ್ನ ಹೆಸರನ್ನು ಹೇಳು. ಅತ್ತೆ ಚಿವುಟಿದರೆ ಚಿವುಟಿಸಿಕೋ.

ನಾ ಬರುತ್ತಿದ್ದೇನೆ. ಬೆಳಗಾವಿಗೆ ಹೊಸ್ತಿಲಿನ ತಕರಾರಿಲ್ಲ. ಮನೆಗೆ ಬಂದ ಮೇಲೆ ಏನು ಮಾಡಬೇಕೋ ತಿಳಿಯದು. ಕಟ್ಟೆಯ ಮೇಲೆ ಮಲಗುತ್ತೇನೆ.

ಕಲ್ಮೇಶ


ಅನಗವಾಡಿ
೧೦ ಜನವರಿ ೨೦೨೫

ಅತ್ತೆ,

ಈ ಲಕೋಟೆಯಲ್ಲಿ ಎರಡು ಕಾಗದಗಳಿವೆ. ಚಿಕ್ಕದನ್ನು ಶೇವಂತಕ್ಕ ಓದಿ ಹೇಳಲಿ. ಅದರಲ್ಲಿ ಔಷಧದ ವೇಳೆ, ಮುಂದಿನ ತಪಾಸಣೆಯ ದಿನ, ನನ್ನ ಹೊಸ ಫೋನಿನ ನಂಬರು ಇವೆ. ಹೌದು, ತಗೊಂಡೆ.

ಇದು ದೊಡ್ಡ ಕಾಗದ. ಬೆರಳಗಲದ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಇದನ್ನು ಶೇವಂತಕ್ಕನಿಗೆ ಕೊಡಬೇಡ. ಕಣ್ಣು ಬಂದ ದಿನ ನೀನೇ ಓದು. ಬರದಿದ್ದರೆ ಜಗಲಿಯ ಮೇಲೆ ಇರಲಿ.

ಬೆಳಗಾವಿಯಿಂದ ಬಂದ ದಿನ ನಾನು ಕಟ್ಟೆಯ ಮೇಲೆ ನಿಂತೆ. ನೀನು ಶೇವಂತಕ್ಕನ ಭುಜ ಹಿಡಿದು, ತಲೆ ಬಗ್ಗಿಸಿಕೊಂಡೇ ಒಳಗೆ ಹೋದೆ. ಕಣ್ಣಿಗೆ ಕಟ್ಟಿತ್ತು. ನಾನು ಹೊರಗೆ ನಿಂತದ್ದು ನಿನಗೆ ಕಾಣುವಂತಿರಲಿಲ್ಲ. ಆದರೂ ಒಳಗಿಂದ, "ಆ ಹುಡುಗಗ ಚಳಿ ಆಗತೈತಿ, ಕದಾ ಹಾಕಬೇಕು. ಒಳಗರ ಬಾ ಅನ್ನು, ಹೊರಗರ ಹೋಗನ್ನು" ಎಂದೆ. ಬಾ ಎಂದು ನೀನೇ ಹೇಳಲಿಲ್ಲ. ನಾನು ಬಂದೆ.

ಆ ವಾರ ನನ್ನ ಜೀವನದಲ್ಲೇ ಉದ್ದದ ವಾರ. ಮಂಚದ ತುದಿಗೆ ದಿಂಬು, ದಿಂಬಿನ ತುದಿಗೆ ನಿನ್ನ ಹಣೆ, ಕೆಳಗೆ ನೆಲ. ನಾನು ಚಾಪೆಯ ಮೇಲೆ ಅಂಗಾತ ಮಲಗಿ ಕೆಳಗಿನಿಂದ ನಿನ್ನ ಮುಖ ನೋಡುತ್ತಾ ಮಾತಾಡುತ್ತಿದ್ದೆ. ಮಾತಾಡಿಸಲು ಬಂದವರೆಲ್ಲ, "ಒಂದೀಟು ಮಾರಿ ತೋರಸ ಬೇ, ದೂರಿಂದ ಬಂದೀವಿ" ಎನ್ನುವವರೇ. ನೀನು ಮರ್ಯಾದೆಗೆ ತಲೆ ಎತ್ತಲು ಹೋಗುವೆ, ನಾನು ಕೂಗಿಕೊಳ್ಳುವೆ. "ಎತ್ತಬ್ಯಾಡ! ತಲೀ ಎತ್ತಬ್ಯಾಡ!" ಶೇವಂತಕ್ಕ ಹೊಲಿಗೆ ಮಷೀನಿನ ಮುಂದೆ ಕೂತು, "ಇದನ್ನೂ ಅಚ್ಚ ಹಾಕಸ ಲೇ" ಎನ್ನುವಳು. ನೀನು ನಕ್ಕರೆ ದಿಂಬು ಅಲುಗುತ್ತಿತ್ತು.

ಕುತ್ತಿಗೆ ಕಲ್ಲಾಗಿತ್ತು ನಿನಗೆ. ಎಣ್ಣೆ ಹಚ್ಚಿ ತಿಕ್ಕುವಾಗ ಒಮ್ಮೆ ನೀನು, "ಹಂಚಿನ ಮುಂದ ಇಷ್ಟು ವರ್ಷ ಬಗ್ಗಿದ್ದು ಈಗ ಉಪಯೋಗಕ್ಕ ಬಂತು ನೋಡ" ಎಂದೆ.

ಈಗ ಬರೆಯಬೇಕಾದದ್ದು.

ನಾಲ್ಕನೆಯದೋ ಐದನೆಯದೋ ಬೆಳಗ್ಗೆ. ಶೇವಂತಕ್ಕ ಹಾಲಿಗೆ ಹೋಗಿದ್ದಳು. ನೀನು ಮಂಚದ ತುದಿಗೆ ಕುಳಿತು, ತಲೆ ಬಗ್ಗಿಸಿ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಪೂಜೆ ಮಾಡುತ್ತಿದ್ದೆ. ಕಣ್ಣಿಲ್ಲ, ಬೆರಳಿನಿಂದಲೇ ಎಲ್ಲ. ವಿಭೂತಿ ಹಚ್ಚಲು ಹೋದ ಬೆರಳು ಜಾರಿತು. ಲಿಂಗ ಅಂಗೈಯಿಂದ ಉರುಳಿ ನೆಲಕ್ಕೆ ಬಿತ್ತು. ಆ ಸದ್ದು ಎಷ್ಟು ಸಣ್ಣದು.

"ಶೇವಂತಿ" ಎಂದೆ ನೀನು. ಅವಳಿಲ್ಲವೆಂದು ನಿನಗೆ ಗೊತ್ತಿತ್ತು. ಬಗ್ಗಿ ನೆಲವನ್ನು ತಡವತೊಡಗಿದೆ. ಬಾಗಿದ ತಲೆ ಇನ್ನೂ ಬಾಗಿತು, ಹಣೆ ಮಂಚದ ಕಾಲಿಗೆ ಬಡಿಯುವುದರಲ್ಲಿತ್ತು. ಲಿಂಗ ಮಂಚದ ಕೆಳಗೆ, ಗೋಡೆಯ ಹತ್ತಿರ ನಿಂತಿತ್ತು. ಬೇರೆಯವರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅದರಲ್ಲೂ ಲಿಂಗ ತೆಗೆದಿಟ್ಟ ಕೈ ನನ್ನದು. ನಾನು ಓದಿದ ಯಾವ ಪುಸ್ತಕದಲ್ಲೂ ಆ ಹೊತ್ತಿಗೆ ಏನು ಮಾಡಬೇಕೆಂದು ಬರೆದಿರಲಿಲ್ಲ. ತೆವಳಿ ಹೋಗಿ ತೆಗೆದುಕೊಂಡೆ. ಪಂಚೆಯಿಂದ ಧೂಳು ಒರೆಸಿದೆ. ನಿನ್ನ ಅಂಗೈಯನ್ನು ಹಿಡಿದು, ನಡುವೆ ಇಟ್ಟೆ.

ನೀನು ಮುಷ್ಟಿ ಮುಚ್ಚಿದೆ. ನನ್ನ ಬೆರಳುಗಳೂ ಒಳಗೇ ಇದ್ದವು. ಬಿಡಲಿಲ್ಲ. ಎಷ್ಟು ಹೊತ್ತೋ. ಆಮೇಲೆ ನಿನ್ನ ಇನ್ನೊಂದು ಕೈ ನನ್ನ ತೋಳು ಹಿಡಿದು ಮೇಲೆ ಬಂತು, ಹೆಗಲಿಗೆ, ಕೊರಳಪಟ್ಟಿಗೆ. ದಾರ ಇದೆಯೋ ಇಲ್ಲವೋ ನೋಡುತ್ತೀಯೆ ಎಂದುಕೊಂಡೆ. ಕೈ ಅಲ್ಲಿಯೇ ನಿಂತಿತು. ಮುಂದೆ ಹೋಗಲಿಲ್ಲ. ಕೆಳಗೆ ಇಳಿಯಿತು.

"ಬಿದ್ದದ್ದು ಯಾರ ಮುಂದೂ ಹೇಳಬ್ಯಾಡ" ಎಂದೆ. ಅಷ್ಟರಲ್ಲಿ ಹಾಲು ಬಂತು.

ಯಾರಿಗೂ ಹೇಳಿಲ್ಲ. ನಿನಗೇ ಹೇಳುತ್ತಿದ್ದೇನೆ, ಯಾಕೆಂದರೆ ಅವತ್ತಿನಿಂದ ನನಗೆ ಒಂದು ಕೇಳಬೇಕಾಗಿದೆ. ಕೈ ಯಾಕೆ ನಿಂತಿತು?

ನನ್ನ ಕೊರಳಲ್ಲಿ ಈಗಲೂ ಏನೂ ಇಲ್ಲ. ಸುಳ್ಳು ಹೇಳಿ ನಿನ್ನ ಮನೆಯಲ್ಲಿ ಇರಲಾರೆ. ಅದಕ್ಕೇ ಕಟ್ಟು ಬಿಚ್ಚುವ ಮೊದಲೇ ಬಂದುಬಿಟ್ಟೆ. ಇಲ್ಲಿ ಕೆಲಸವೂ ಇದೆ, ಆದರೆ ನಿಜವಾದ ಕಾರಣ ಅದು.

ದಣಿದಿದ್ದೇನೆ ಅತ್ತೆ. ಹೊಸ ಕರಪತ್ರ ಬರೆದಿಲ್ಲ. ಹುಡುಗರು ಕೇಳುತ್ತಾರೆ. ಬರೆಯಲು ಕೂತರೆ, ಇದನ್ನು ಯಾರೋ ನಂಬುತ್ತಾರೆ ಎಂಬುದೊಂದೇ ನೆನಪಾಗುತ್ತದೆ.

ಕಲ್ಮೇಶ


ಜಮಖಂಡಿ
೧೭ ಫೆಬ್ರವರಿ ೨೦೨೫

ಕಲ್ಮೇಶಾ,

ಇದು ನಾನಾ ಬರದದ್ದು. ಸಾಲು ಸೊಟ್ಟ ಅದಾವ. ಶೇವಂತಿ ಪಟ್ಟಿ ಇಟ್ಟು ಗೆರಿ ಹೊಡಕೊಟ್ಟು ಹೋಗ್ಯಾಳ. ಗೆರಿ ನಡುವ ಬಂದಾಗ ಒಂದೀಟು ಬಾಗತೈತಿ, ಅದು ನನ್ನ ಕಣ್ಣಿಂದು, ಗೆರಿದಲ್ಲ.

ಗ್ಯಾಸ್ ಪೂರಾ ಹೋತು. ಮೊದಲ ನೀರಾಗ ಮುಳುಗಿ ನೋಡಿದಂಗ ಇತ್ತು. ಆಮ್ಯಾಲೆ ಹೊಳಿ ಇಳದಂಗ ಮ್ಯಾಲಿಂದ ಬೆಳಕಾತು. ಕಡೀಕ ಒಂದು ಕರೀ ಗುಂಡು ಕೆಳಗ ಉಳ್ಳಾಡಿಕೋತ ಇತ್ತು, ಒಂದು ಮುಂಜಾನೆ ಅದೂ ಇಲ್ಲ.

ತೂತು ಕೂಡೇತಿ ಅಂದ್ರು ಡಾಕ್ಟರಮ್ಮ. ತಡಾ ಆಗಿತ್ತು, ಅದಕ್ಕ ಮೊದಲಿನಷ್ಟು ಬರೂದಿಲ್ಲ ಅಂದ್ರು. ಕ್ಯಾಲೆಂಡರಿನ ದೊಡ್ಡ ಅಂಕಿ ಕಾಣತಾವ, ಕೆಳಗಿನ ತಿಥಿ ಕಾಣೂದಿಲ್ಲ. ಸೂಜಿ ಪೋಣಸಾಕ ಆಗೂದಿಲ್ಲ. ರೊಟ್ಟಿ ನಡು ಕಾಣತೈತಿ. ರಾಚಪ್ಪ ಯುಗಾದಿ ಆದ ಮ್ಯಾಲೆ ಬಾ ಅಂದಾನ, ಹಂಚಿನ ಮುಂದ ಅಲ್ಲ, ಹಿಟ್ಟು ನಾದಾಕ. ಇನ್ನೊಂದು ಕೇಳು, ನಗತಿ. ಈ ಆಪರೇಷನ್ ಆದವರಿಗೆ ಮುಂದ ಪೊರೆ ಬರತೈತಂತ. ಖರೇ ಪೊರೆ. ನಿನ್ನ ಆರೋಗ್ಯದ ಪುಸ್ತಕಾ ಇಟಗೋ, ಆವಾಗ ಬೇಕಾಗತೈತಿ.

ನಿನ್ನ ದೊಡ್ಡ ಕಾಗದಾ ಜಗಲಿ ಮ್ಯಾಲೆ ಬನ್ನಿ ಬಾಜೂಕ ಇತ್ತು. ಶೇವಂತಿ ಭಾಳ ಕಾಡಿದಳು, ಕೊಡಲಿಲ್ಲ. ದಿನಾ ಒಂದೀಟ ಒಂದೀಟ ಓದಿದೆ. ಒಂದು ಶಬ್ದ ಹಿಡಿಯಾಕ ಭಾಳ ಹೊತ್ತು ಬೇಕು. ಕಣ್ಣಾಗ ನೀರು ಬಂದ್ರ ಮತ್ತ ಮೊದಲಿಂದ. ಪೂರಾ ಓದೀನಿ. ಯಾರೂ ಓದಿಲ್ಲ.

ಕೈ ಯಾಕ ನಿಂತಿತು ಅಂತ ಕೇಳೀಯಲ್ಲ. ನೋಡೂದೈತಿ ಅಂತಾನ ಹೋಗಿತ್ತು. ಕೊರಳಪಟ್ಟಿ ಹಂತ್ಯಾಕ ಬಂದಾಗ, ನಿನ್ನ ಕೊರಳು ನಡಗಾಕತ್ತಿತ್ತು. ಸಾಲಿಗೆ ಸೇರಿಸಿದ ದಿನಾ ಹಂಗಾ ನಡಗಿತ್ತು. ಅದಕ್ಕ ನಿಂತಿತು. ಬ್ಯಾರೆ ಏನೂ ಇಲ್ಲ.

ಪೂಜಿಗೆ ಕುಂತ್ರ ಅಂಗೈಯಾಗ ಲಿಂಗ ಕಾಣತೈತಿ. ಒಂದೀಟು ಸೊಟ್ಟ ಕಾಣತೈತಿ, ಆದ್ರ ಅಲ್ಲೇ ಐತಿ, ನೀ ಇಟ್ಟಲ್ಲೇ. ಶೇವಂತಿ ಮಾರಿ ನೋಡಿದೆ, ಮುದುಕಿ ಆಗ್ಯಾಳ. ರಾಚಪ್ಪನ್ನ ನೋಡಿದೆ. ಆ ಬೀಳಗಿ ಹುಡುಗನ್ನೂ ನೋಡಿದೆ, ನಿನ್ನಂಗ ಒಂದೀಟೂ ಇಲ್ಲ, ಮೂಗು ದಪ್ಪ. ನಿನ್ನ ಒಬ್ಬನ್ನ ನೋಡಿಲ್ಲ. ಹೋದ ಯುಗಾದಿ ದಿನಾ ಸಿಟ್ಟಿನಾಗ ನೋಡಿದ್ದಾ ಕಡೇದು.

ಮುಂದಿನ ವಾರ ಬುಧವಾರ ಶಿವರಾತ್ರಿ. ಮುಂಜಾನೆ ಬಸ್ಸಿಗೆ ಬಾ. ಬಿಸಿಲಿನ ಕಡೆ ಮಾರಿ ಮಾಡಿ, ನನ್ನ ಎದುರಿಗೆ, ಹಂತ್ಯಾಕ ಬಂದು ನಿಂದ್ರು. ನನ್ನ ಕಣ್ಣಿಗೆ ಈಗ ಒಮ್ಮೆಗೆ ಒಂದಾ ನೆಟ್ಟಗ ಕಾಣತೈತಿ. ಮಾರಿ ನೋಡಿದ್ರ ಕೊರಳು ಕಾಣೂದಿಲ್ಲ. ನಾ ಮಾರಿ ನೋಡತೀನಿ.

ಬನ್ನಿ ಒಣಗೇತಿ, ಕೊಡತೀನಿ.

ಫೋನ್ ಮಾಡಬ್ಯಾಡ. ಬರತೀಯೋ ಇಲ್ಲೋ ಒಂದು ಕಾರ್ಡ್ ಬರದು ಹಾಕು, ದೊಡ್ಡ ಅಕ್ಷರದಾಗ. ಓದೂದು ರೂಢಿ ಆಗಬೇಕು ಅಂದಾರ ಡಾಕ್ಟರಮ್ಮ. ಕಾರ್ಡ್ ಮುಟ್ಟೂದರಾಗ ನೀನಾ ಬಂದ್ರೂ ನಡೀತೈತಿ.

ನಿನ್ನ ಅತ್ತಿ
ಮಾದೇವಿ